ಅತ್ತೆ ಬಿಗಿದ ಗಿಟಾರು

ನರಗುಂದದ ನಮ್ಮ ಮನೆಯಲ್ಲಿ ಸಡಿಲವಾದದ್ದು ಯಾವುದೂ ಹಾಗೇ ಉಳಿಯುತ್ತಿರಲಿಲ್ಲ. ನಮ್ಮ ಅತ್ತೆಯ ಕಣ್ಣಿಗೆ ಬಿದ್ದರೆ ಮುಗಿಯಿತು. ಬಟ್ಟೆ ಒಣಹಾಕುವ ಹಗ್ಗ, ಬಾಗಿಲ ಚಿಲಕದ ತಿರುಪು, ಸೊಸೆಯ ತುರುಬು, ಎಲ್ಲವನ್ನೂ ಬಿಗಿದೇ ಬಿಡುವರು. ಅದರಲ್ಲೂ ಪಡಸಾಲೆಯ ಹೊರಸಿನ ಮೇಲೆ ಅವರಿಗೆ ವಿಶೇಷ ನಿಗಾ. ಹಗ್ಗ ಒಂದಿಷ್ಟು ಜೋತುಬಿದ್ದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೌಕಟ್ಟಿಗೆ ಕಾಲು ಒತ್ತಿ, ಒಂದೊಂದೇ ಎಳೆ ಎಳೆಯುತ್ತ ಕೂಡುವರು. ಅವರು ಬಿಗಿದ ಹೊರಸಿನ ಮೇಲೆ ಮಲಗಿದರೆ ಹಲಗೆಯ ಮೇಲೆ ಮಲಗಿದಂತಿರುತ್ತಿತ್ತು. ಹಾಗೆಂದು ಹೇಳುವ ಧೈರ್ಯ ಮಾವನವರಿಗೂ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದೆ. ನನ್ನ ತವರು ರೋಣ. ಅಲ್ಲಿ ನನ್ನ ಸೋದರಮಾವ ಮದುವೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದ. ನನಗೆ ಕಲಿಸಿದವನೂ ಅವನೇ. ಮದುವೆಯಾದಾಗ ಎಲ್ಲರೂ ಹಿತ್ತಾಳೆ ಪಾತ್ರೆ ಕೊಟ್ಟರೆ ಅವನು ತನ್ನ ಕೆಂಪು ಎಲೆಕ್ಟ್ರಿಕ್ ಗಿಟಾರನ್ನೇ ಕೊಟ್ಟು ಕಳಿಸಿದ. ಪಾತ್ರೆಗಳ ಗಾಡಿಯಿಂದ ಅದು ಇಳಿದಾಗ ಗಂಡನ ಮನೆಯವರು ಮುಖ ಮುಖ ನೋಡಿಕೊಂಡರು. ಮಾವನವರು ಮಾತ್ರ ಕಡೆಗೆ, "ಏನರ ಮಾಡ್ಕೊಳ್ಲಿ, ಪಡಸಾಲ್ಯಾಗ ಬ್ಯಾಡ" ಎಂದರು. ಹೀಗಾಗಿ ಸಂಜೆಯ ಹೊತ್ತು ಮಾಳಿಗೆಯ ಖೋಲಿಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ನುಡಿಸುತ್ತಿದ್ದೆ. ಕೆಳಗಿನಿಂದ ಯಾರೂ ಏನೂ ಅನ್ನುತ್ತಿರಲಿಲ್ಲ. ಅತ್ತೆ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ಅಷ್ಟೇ.

ಹೆರಿಗೆಗೆಂದು ತವರಿಗೆ ಹೊರಟಾಗ, ಸೋದರಮಾವ ಕಲಿಸಿದ್ದಂತೆ ಗಿಟಾರಿನ ತಂತಿಗಳನ್ನೆಲ್ಲ ಸಡಿಲಿಸಿ ಗೋಡೆಗೆ ಒರಗಿಸಿ, ಅದರ ಸ್ಪೀಕರಿನ ಪೆಟ್ಟಿಗೆಗೆ ಬಟ್ಟೆ ಹೊದಿಸಿ ಮಂಚದ ಕೆಳಗೆ ತಳ್ಳಿ ಹೋದೆ. ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು, ಅಂಗೈಯಷ್ಟಿದ್ದಳು. ದವಾಖಾನೆ, ಮನೆ ಎಂದು ಓಡಾಡಿ ಅವಳು ಚೇತರಿಸಿಕೊಳ್ಳುವುದರಲ್ಲಿ ಬಾಣಂತನ ಲಂಬಿಸಿತು. ಮರಳಿ ಬಂದ ದಿನ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ನಾನು ಮಾಡಿದ ಮೊದಲ ಕೆಲಸ ಮಾಳಿಗೆ ಹತ್ತಿದ್ದು.

ಗೋಡೆಗೆ ಒರಗಿದ್ದ ಗಿಟಾರನ್ನು ಎತ್ತಿಕೊಂಡೆ. ಸಣ್ಣ ತಂತಿಗಳು ಎರಡು ಇರಲೇ ಇಲ್ಲ. ಉಳಿದ ನಾಲ್ಕು ಸೆಟೆದು ನಿಂತಿದ್ದವು. ಅದರ ಕುತ್ತಿಗೆ ಮುಂದಕ್ಕೆ ಬಿಲ್ಲಿನಂತೆ ಬಾಗಿ, ತಂತಿಗೂ ಬೆರಳೊತ್ತುವ ಪಟ್ಟಿಗೂ ನಡುವೆ ನನ್ನ ಕಿರುಬೆರಳು ತೂರುವಷ್ಟು ಸಂದಿಯಾಗಿತ್ತು. ಒತ್ತಿದರೆ ಬೆರಳು ಕತ್ತರಿಸಿದಂತಾಗುತ್ತಿತ್ತು, ಬಂದ ಸ್ವರವೂ ಸುಳ್ಳು.

ಹಿಂದೆಯೇ ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಬಂದರು. ಮುಖದಲ್ಲಿ ಹಿಗ್ಗು.

"ನೀ ಹೋದ ಮ್ಯಾಲೆ ಎಲ್ಲಾ ಸಡ್ಲ ಬಿದ್ದಿದ್ವು ನೋಡವ್ವಾ. ಹೊರಸ ಬಿಗಿದ್ಹಂಗ ಬಿಗಿಕೋಂತ ಬಂದೀನಿ. ಎರಡ ಹರದ್ವು, ಅವನ್ನೂ ಕಾಗದದಾಗ ಸುತ್ತಿ ಇಟ್ಟೀನಿ."

ನನ್ನ ಸಿಟ್ಟು ಬಾಯಿಗೆ ಬರುವುದು ಕಡಿಮೆ, ಕೈಗೆ ಬರುತ್ತದೆ. ಅವತ್ತು ಅಡುಗೆಮನೆಯಲ್ಲಿ ಪಾತ್ರೆಗಳು ಓಣಿಗೆಲ್ಲ ಕೇಳುವಂತೆ ಮಾತಾಡಿದವು. ಅತ್ತೆ ದಡ್ಡರಲ್ಲ. ಏನೋ ತಪ್ಪಾಗಿದೆ ಎಂದು ತಿಳಿದುಕೊಂಡರು. ಮರುದಿನದಿಂದ ಹೊರಸಿನ ಹಗ್ಗ ಜೋತುಬಿದ್ದರೂ ಮುಟ್ಟಲಿಲ್ಲ. ಗಂಡ, "ಹುಬ್ಬಳ್ಳಿಯಿಂದ ಹೊಸಾದು ತಂದ್ರಾತು ಬಿಡು" ಎಂದರು. ಅವರಿಗೇನು ಗೊತ್ತು? ಅದು ಸೋದರಮಾವನ ಗಿಟಾರು. ಕುತ್ತಿಗೆ ಸರಿಯಾಗದಿದ್ದರೆ ಅದು ಹೋದಂತೆಯೇ, ಅದರ ಜಾಗಕ್ಕೆ ಇನ್ನೊಂದು ಬರುವಂತಿರಲಿಲ್ಲ.

ಗಜೇಂದ್ರಗಡದಲ್ಲಿ ಒಬ್ಬರು ಆರ್ಕೆಸ್ಟ್ರಾದವರಿದ್ದಾರೆ, ಮದುವೆಗಳಿಗೆ ಸೌಂಡ್ ಬಾಕ್ಸು ಕೊಡುತ್ತಾರೆ, ಗಿಟಾರನ್ನೂ ದುರಸ್ತಿ ಮಾಡುತ್ತಾರೆ ಎಂದು ಸೋದರಮಾವ ಹೇಳಿದ. ಹೊರಟೆ. ಕೂಸನ್ನು ಎತ್ತಿಕೊಳ್ಳಲು ತಾನೂ ಬರುತ್ತೇನೆಂದು ಅತ್ತೆ ಸೀರೆ ಬದಲಿಸಿ ನಿಂತರು. ಕೂಸಿನ ನೆವ ಎಂದು ನನಗೆ ಗೊತ್ತಿತ್ತು. ರೋಣದಲ್ಲಿ ಬಸ್ಸು ಬದಲಿಸುವವರೆಗೂ ಅವರು ಕೂಸಿನ ಟೋಪಿ ಸರಿಮಾಡುತ್ತಲೇ ಇದ್ದರು.

ಆರ್ಕೆಸ್ಟ್ರಾದವರು ಗುಡ್ಡದ ಬುಡದ ಓಣಿಯಲ್ಲಿದ್ದ ಸಾಬರು. ಚಹಾ ತರಿಸಿ, ಗಿಟಾರನ್ನು ಕೈಗೆ ತೆಗೆದುಕೊಂಡು, ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು.

"ಗೋಣು ಭಾಳ ಬಾಗೇತ್ರಿ ಅಕ್ಕಾರ. ಯಾರು ಬಿಗಿದೋರು ಇಷ್ಟು?"

ದಾರಿಯುದ್ದಕ್ಕೂ ನಾನು ಕಾದಿದ್ದೇ ಈ ಪ್ರಶ್ನೆಗೆ. ಬೇರೆಯವರೊಬ್ಬರು ಕೇಳಲಿ, ಅತ್ತೆಗೆ ಮುಟ್ಟಲಿ ಎಂದು. ಆದರೆ ಹೊರಳಿ ನೋಡಿದರೆ ಅವರು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಿದ್ದರು. ಪಾಪ ಅನಿಸಿತು. "ಬಿಸಲಿಗೆ ಇತ್ರಿ, ಅದಕ್ಕ..." ಎಂದು ನಾನು ಸುಳ್ಳು ಶುರುಮಾಡುವುದರೊಳಗೆ ಅವರೇ ಬಾಯಿಬಿಟ್ಟರು.

"ನಾನ ಬಿಗಿದೀನ್ರಿ. ಹೊರಸ ಬಿಗಿದ್ಹಂಗ."

ಸಾಬರು ನಕ್ಕರು. ಆ ನಗುವಿನಲ್ಲಿ ಹೀಯಾಳಿಕೆ ಇರಲಿಲ್ಲ. "ಹೊರಸಿಗೆ ನಾಕ ಕಾಲ ಇರ್ತಾವ್ರಿ ಅಮ್ಮಾರ. ಇದಕ್ಕ, ಪಾಪ, ಒಂದ ಗೋಣು."

ಆಮೇಲೆ ತಂತಿ ಬಿಚ್ಚಿ, ತಲೆಯ ಹತ್ತಿರದ ಸಣ್ಣ ಮುಚ್ಚಳ ತೆಗೆದು ಒಳಗೆ ತೋರಿಸಿದರು. ಕುತ್ತಿಗೆಯ ಉದ್ದಕ್ಕೂ ಒಂದು ಕಬ್ಬಿಣದ ಸಳಿ ಇರುತ್ತದಂತೆ, ಟ್ರಸ್ ರಾಡ್ ಎನ್ನುತ್ತಾರಂತೆ. ಅದನ್ನು ಬಿಗಿದರೆ ಬಾಗಿದ ಕುತ್ತಿಗೆ ಹಿಂದಕ್ಕೆ ಬರುತ್ತದಂತೆ.

"ಬಿಗಿದಿದ್ದಕ್ಕ ಕೆಟ್ಟೈತಿ ಅಂತೀರಿ, ಮತ್ತ ಬಿಗೀರಿ ಅಂತೀರಲ್ರಿ?" ಎಂದರು ಅತ್ತೆ.

"ತಂತಿ ಮುಂದಕ್ಕ ಜಗ್ಗತಾವ್ರಿ, ಸಳಿ ಹಿಂದಕ್ಕ ಜಗ್ಗತೈತಿ. ಎರಡೂ ಸರೀ ಜಗ್ಗಿದ್ರ ಗೋಣು ನೆಟ್ಟಗ ನಿಲ್ಲತೈತಿ."

ಆದರೆ ಸಳಿಯ ತುದಿಯ ನಟ್ಟು ಜಂಗು ಹಿಡಿದು ಕೂತಿತ್ತು. ಅಲೆನ್ ಕೀ ಎನ್ನುವ ಬಾಗಿದ ಚಾವಿ ಹಾಕಿ ತಿರುವಿದರೆ ಕಿರ್ರೆಂದು ಅಲ್ಲೇ ನಿಂತಿತು. ಅವರು ತಕ್ಷಣ ಕೈ ಬಿಟ್ಟರು. ಜೋರು ಮಾಡಿದರೆ ಸಳಿಯೇ ತುಂಡಾಗುತ್ತದೆ, ಆಮೇಲೆ ಗಿಟಾರು ಗೋಡೆಗೆ ತೂಗುಹಾಕಲಿಕ್ಕೆ ಮಾತ್ರ ಎಂದರು. ನಟ್ಟಿಗೆ ಎಣ್ಣೆ ಬಿಟ್ಟು, ಕೀಯನ್ನು ನನ್ನ ಕೈಗಿಟ್ಟರು. "ಅವಸರ ಬ್ಯಾಡ್ರಿ. ದಿನಾ ಒಂಚೂರು. ಇದು ಇಬ್ಬರ ಕೆಲಸ, ಒಬ್ಬರು ಗೋಣು ಒತ್ತಿ ಹಿಡೀಬೇಕು, ಒಬ್ಬರು ತಿರುವಬೇಕು."

ಮನೆಯಲ್ಲಿ ಆ ಇನ್ನೊಬ್ಬರು ಯಾರು ಎಂದು ಕೇಳುವ ಪ್ರಸಂಗವೇ ಬರಲಿಲ್ಲ. ಮಧ್ಯಾಹ್ನ ಕೂಸು ಮಲಗಿದ ಕೂಡಲೇ ಅತ್ತೆ ಕೌದಿ ಹಿಡಿದು ಮಾಳಿಗೆಗೆ ಬಂದರು. ಗಿಟಾರನ್ನು ಅಂಗಾತ ಮಲಗಿಸಿ, ಕುತ್ತಿಗೆಯ ನಡುಭಾಗದ ಕೆಳಗೆ ಕೌದಿ ಮಡಿಸಿ ಇಟ್ಟೆವು. ಅವರು ಅಂಗೈಯಿಂದ ತಲೆಯನ್ನು ಮೆಲ್ಲಗೆ ಕೆಳಗೆ ಒತ್ತಿದರು. ಕೂಸಿಗೆ ಎಣ್ಣೆ ಹಚ್ಚುವಾಗಲೂ ಅವರ ಕೈ ಅಷ್ಟು ಹಗುರ ಇರಲಿಲ್ಲ. ನಾನು ಕೀ ತಿರುವಿದೆ. ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನನ್ನ ಕೈ ತಾಳ್ಮೆಗೆಟ್ಟು ಜೋರು ಮಾಡಹೊರಟಾಗ ಅವರು ನನ್ನ ಮುಂಗೈ ಹಿಡಿದುಕೊಂಡರು.

"ಬ್ಯಾಡವ್ವಾ. ನಾ ಬಿಗಿದ ನೋಡಿದ್ದ ಸಾಕು."

ನಗು ಬಂತು. ತವರಿನಿಂದ ಬಂದ ಮೇಲೆ ಅವರ ಮುಂದೆ ನಾನು ಮೊದಲು ನಕ್ಕದ್ದು ಆಗಲೇ. ಅವರೂ ನಕ್ಕರು.

ಹಾಗೆ ದಿನವೂ ಎಣ್ಣೆ, ಕೌದಿ, ಅಂಗೈ, ಕೀ. ಒಂದು ಮಧ್ಯಾಹ್ನ ಟಕ್ಕೆಂದು ಸದ್ದಾಯಿತು. ಸಳಿ ತುಂಡಾಯಿತು ಎಂದೇ ಅಂದುಕೊಂಡೆ. ಅತ್ತೆಯ ಕಣ್ಣಲ್ಲಿ ಆಗಲೇ ನೀರು. ಕೀಯನ್ನು ಮತ್ತೆ ಮುಟ್ಟಿದರೆ, ಬಿಗಿಯಾಗಿಯೇ, ಆದರೆ ತಿರುಗುತ್ತಿತ್ತು. ಜಂಗು ಬಿಟ್ಟಿತ್ತು. ಅಂದಿನಿಂದ ಕುತ್ತಿಗೆ ದಿನದಿಂದ ದಿನಕ್ಕೆ ನೆಟ್ಟಗಾಯಿತು. ಹೊಸ ತಂತಿ ಹಾಕಿದೆ. ಪಟ್ಟಿಯ ಮೇಲಿನ ಒಂದು ಮನೆಯಲ್ಲಿ ತಂತಿ ಒತ್ತಿದರೆ ಈಗಲೂ ಜುಂಯ್ ಎನ್ನುತ್ತದೆ, ಅದು ಹೋಗಲಿಲ್ಲ.

ನುಡಿಸುವ ದಿನ ಅತ್ತೆಯನ್ನು ಮೇಲೆ ಕರೆದೆ. ಅವರೆದುರು ನಾನು ಎಂದೂ ನುಡಿಸಿರಲಿಲ್ಲ. ಮಂಚದ ಕೆಳಗಿನಿಂದ ಸ್ಪೀಕರಿನ ಪೆಟ್ಟಿಗೆ ಎಳೆದು, ಹೊದಿಸಿದ್ದ ಬಟ್ಟೆ ತೆಗೆದು, ವೈರು ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ತಂತಿ ಮೀಟಿದ ಕೂಡಲೇ ಖೋಲಿ ತುಂಬಿತು. ಅತ್ತೆ ಬೆಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಪೆಟ್ಟಿಗೆಯನ್ನೇ ನೋಡತೊಡಗಿದರು.

"ಸಪ್ಪಳ ಈ ಪೆಟ್ಟಿಗ್ಯಾಗಿಂದ ಬರತೈತೇನು?"

"ಹೌದ್ರಿ ಅತ್ತಿ. ಕರೆಂಟಿನ ಗಿಟಾರ ಇದು. ವೈರ ಹಚ್ಚಲಿಲ್ಲಂದ್ರ ಬರೇ ಟಿಣ್ ಅಂತೈತಿ."

ಅವರು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟರು.

"ನಾ ದಿನಾ ಸಂಜಿಕ ಬಂದು ಒಮ್ಮೆ ಬಾರಿಸಿ ನೋಡ್ತಿದ್ನಿ. ನೀ ಇದ್ದಾಗ ಕೆಳಗ ಕೇಳತಿತ್ತಲ್ಲ, ಆ ಸಪ್ಪಳ ಬರ್ತಿರಲಿಲ್ಲ. ಸಡ್ಲ ಆಗೇತಿ ಅಂತ ಮತ್ತೊಂಚೂರು ಬಿಗೀತಿದ್ನಿ. ಮನಿ ಭಣಭಣ ಅಂತಿತ್ತವ್ವಾ."

ನಾನು ಅತ್ತೆಯ ಎದುರು ಅತ್ತದ್ದು ಅದೇ ಮೊದಲು.