ಎಂಬತ್ತು ಕುದುರೆ, ಒಂದು ಕೊಪ್ಪರಿಗೆ

ಬೆಳಿಗ್ಗೆ ದೇವರ ಮುಂದೆ ಕೂತರೆ ಈಚೆಗೆ ನನಗೆ ಅಷ್ಟೋತ್ತರ ತಪ್ಪಿಹೋಗುತ್ತದೆ. ಹೊರಗೆ ಜಗಲಿಯಲ್ಲಿ ನಮ್ಮ ಯಜಮಾನರು ತಮ್ಮ ಪಿಕಪ್ಪಿನ ಎಚ್‌ಪಿ ಜಪಿಸುತ್ತಿರುತ್ತಾರೆ. ಅವರ ದನಿಯೇ ಜೋರು. ಅವರ ಗಾಡಿಗೆ ಎಂಬತ್ತು ಕುದುರೆಯ ಬಲವಂತೆ. ಸಖರಾಯಪಟ್ಟಣದ ಇದೇ ಬೀದಿಯಲ್ಲಿರುವ ನನ್ನ ತಮ್ಮ ಶಿವಣ್ಣನ ಗಾಡಿಗೆ ಎಪ್ಪತ್ತೈದು. ಮಧ್ಯದ ಆ ಐದು ಕುದುರೆಗಳು ಎರಡು ಮನೆಯ ನಡುವೆ ಹಾಕಿರುವ ಲದ್ದಿ ಬಾಚುವುದೇ ನನ್ನ ಕೆಲಸವಾಗಿದೆ.

ಎಚ್‌ಪಿ ಎಂದರೇನೆಂದು ಡಿಪ್ಲೊಮಾ ಓದುವ ಮಗಳನ್ನು ಕೇಳಿದೆ. “ಇಂಜಿನ್ ಫುಲ್ ಕಿರುಚ್ಕೊಂಡಾಗ ಬರೋ ಲೆಕ್ಕ ಕಣಮ್ಮ. ನಿಂತಿರೋ ಲೋಡ್ ಎಳೆಯೋಕೆ ಬೇಕಿರೋದು ಟಾರ್ಕು” ಎಂದಳು. ಕಿರುಚುವುದು ಬೇರೆ, ಎಳೆಯುವುದು ಬೇರೆ. ಇದಕ್ಕೆ ಕಾಲೇಜೇಕೆ? ಮದುವೆಯಾದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ.

ಕಳೆದ ಶುಕ್ರವಾರ ಕಡೂರು ರಸ್ತೆಯ ಅಮ್ಮನವರ ಗುಡಿಯಲ್ಲಿ ನನ್ನ ಹರಕೆಯ ಅನ್ನದಾನ. ಅಕ್ಕಿ, ಕೊಪ್ಪರಿಗೆ ಬೆಳಿಗ್ಗೆಯೇ ಮುಟ್ಟದಿದ್ದರೆ ಮಧ್ಯಾಹ್ನ ಬಂದವರು ಹಸಿದು ಹಿಂದಿರುಗಬೇಕು, ಮಗಳ ಜ್ವರದಲ್ಲಿ ನಾನು ಅಮ್ಮನಿಗೆ ಕೊಟ್ಟ ಮಾತು ಸುಳ್ಳಾಗಬೇಕು. ಸಾಗಿಸುವ ಪುಣ್ಯ ಭಾವ, ಮೈದುನ ಇಬ್ಬರಿಗೂ ಬೇಕಾಯಿತು.

“ಲೇ ಶಿವಣ್ಣ, ನಿನ್ ಗಾಡಿ ಹಾಲಿನ ಕ್ಯಾನಿಗೆ ಸರಿ ಕಣೋ” ಎಂದರು ಇವರು.

“ನಿಮ್ದು ಹೊಗೆಗೆ ಸರಿ ಭಾವ. ಸೊಳ್ಳೆ ಓಡ್ಸಕ್ಕೆ ಇಟ್ಕೊಳಿ” ಎಂದ ಅವನು.

“ಮೊದ್ಲು ಅಕ್ಕಿ ಹೇರ್ರಪ್ಪ” ಎಂದೆ. ಯಾರು ಕೇಳಬೇಕು? ಎರಡೂ ಗಾಡಿಯನ್ನು ಖಾಲಿ ಕೆರೆಯಂಗಳಕ್ಕೆ ಒಯ್ದು, ಹಿಂಬದಿಗೆ ಹಿಂಬದಿ ಹಗ್ಗ ಬಿಗಿದರು. ಎಳೆದು ಗೆದ್ದವನದೇ ಸೇವೆಯಂತೆ. ಚಕ್ರಗಳು ಮಣ್ಣು ತೋಡಿದವೇ ಹೊರತು ಗಾಡಿ ಅಲ್ಲಾಡಲಿಲ್ಲ. ಆಮೇಲೆ ಸುಟ್ಟ ವಾಸನೆ. ಎರಡರ ಕ್ಲಚ್ಚೂ ಹೋಯಿತು. ಹಗ್ಗ ಹರಿದು ಯಾರ ಮುಖಕ್ಕೂ ಬಡಿಯಲಿಲ್ಲ, ಅದು ಅಮ್ಮನ ದಯೆ.

ಬಸ್ಸು ಬಂತು, ಅದೂ ದಯೆಯೇ. ಅಕ್ಕಿ ಮೂಟೆ, ಕೊಪ್ಪರಿಗೆ ಹತ್ತಿಸುವಾಗ ಕಂಡಕ್ಟರ್, “ಏನಮ್ಮಾ, ಮದ್ವೆ ಛತ್ರಾನೇ ತಂದಿದೀರಾ?” ಎಂದ. ಸರ್ಕಾರಿ ಬಸ್ಸಿನಲ್ಲಿ ಹೆಂಗಸಾದ ನನಗೆ ಟಿಕೆಟ್ ದುಡ್ಡಿಲ್ಲ. ಕೊಪ್ಪರಿಗೆಗೂ ಅದನ್ನು ಹಿಡಿದು ನಿಂತ ಇಬ್ಬರು ವೀರರಿಗೂ ಇತ್ತು.

ಅಡುಗೆ ಹೊತ್ತಿಗಾಯಿತು. ಬಡಿಸಲು ಇಬ್ಬರ ಕೈಗೂ ಸಾರಿನ ಬಕೆಟ್ ಕೊಟ್ಟೆ. ಅರ್ಧ ಪಂಕ್ತಿಗೇ ಸೊಂಟ ಹಿಡಿದುಕೊಂಡು ಕಂಬಕ್ಕೆ ಒರಗಿದರು. ಉಳಿದದ್ದನ್ನು ನಾನೇ ಬಡಿಸಿದೆ. ಒಬ್ಬರೂ ಹಸಿದು ಹೋಗಲಿಲ್ಲ.

ನನಗೆಷ್ಟು ಎಚ್‌ಪಿ ಎಂದು ಇದುವರೆಗೆ ಯಾರೂ ಕೇಳಿಲ್ಲ. ದೊಡ್ಡ ದಯೆ ಇದೇ ಇರಬೇಕು. ಗೊತ್ತಾಗಿದ್ದರೆ ಇನ್ನಷ್ಟು ಹೇರುತ್ತಿದ್ದರು.