ಕಾಳವ್ವ ಉಳಿಸಲು ಹೊರಟ ಕಂಬಳಿ ಪೇಟೆ

ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ, ಉಮದಿಯ ಆಚೆಗಿನ ಜಾಲಿಹೊಂಡದ ಹಳೇ ಪೇಟೆಯಲ್ಲಿ ಕಾಳವ್ವ ಹುಣಸೆಬೀಜದ ಹಿಟ್ಟು ಮಾರುತ್ತಿದ್ದಳು. ಕಂಬಳಿ ನೇಯುವವರು ನೂಲಿಗೆ ಗಂಜಿ ಹಾಕಲು ಕೊಳ್ಳುವ ಹಿಟ್ಟು ಅದು. ಅಂಗಡಿ ಅಪ್ಪನಿಂದ ಬಂದದ್ದು. ಗಂಡನ ಮನೆಯಲ್ಲಿ ಎರಡು ವರ್ಷ ಇದ್ದು ತಿರುಗಿ ಬಂದವಳು. ಯಾಕೆ ಎಂದು ಕೇಳಿದರೆ, “ಅಲ್ಲಿ ಬಾಯಿ ಮುಚ್ಚಕೊಂಡ ಇರಬೇಕಿತ್ರಿ, ನನಗ ಆಗಲಿಲ್ಲ” ಎನ್ನುತ್ತಿದ್ದಳು.

ಪೇಟೆ ಎಂದರೆ ಒಂದೇ ಓಣಿ. ಎರಡೂ ಬದಿ ಸೇರಿ ಇಪ್ಪತ್ತೆರಡು ಕಲ್ಲಿನ ಅಂಗಡಿಗಳು, ಮುಂದೆ ಉದ್ದಕ್ಕೂ ಕಲ್ಲುಕಂಬದ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ. ಸಂಸ್ಥಾನದ ಕಾಲದಲ್ಲಿ ಕಟ್ಟಿದ್ದು. ಆಮೇಲೆ ಪಂಚಾಯತಿಗೆ ಸೇರಿತ್ತು. ೧೯೬೪ರಲ್ಲಿ ಊರ ಹೊರಗೆ ಡಾಂಬರು ರಸ್ತೆಯ ಮೇಲೆ ಬಸ್‌ಸ್ಟ್ಯಾಂಡ್ ಆಯಿತು. ಮೊದಲು ಕಿರಾಣಿ ಅಂಗಡಿಯ ಶಂಕರೆಪ್ಪ ಅಲ್ಲಿ ತಗಡಿನ ಶೆಡ್ ಹಾಕಿದ. ಅವನ ಹಿಂದೆ ಒಬ್ಬೊಬ್ಬರೇ ಹೋದರು. ಎರಡು ವರ್ಷದಲ್ಲಿ ಓಣಿಯಲ್ಲಿ ತೆರೆದ ಬಾಗಿಲು ಕಾಳವ್ವನದೊಂದೇ ಉಳಿಯಿತು. ಬೇಸಿಗೆಯಲ್ಲಿ ಯಾರೂ ಸವಳುಮಣ್ಣು ಹಾಕಿ ಬಡಿಯದ ಮಾಳಿಗೆಗಳು ಮಳೆಗೆ ಸೋರತೊಡಗಿದವು.

ಹಿಟ್ಟು ಕೊಳ್ಳುವವರೂ ಕಡಿಮೆಯಾದರು. ನೇಕಾರರು ಈಗ ರಸ್ತೆಯ ದಲಾಲಿಗೇ ಕಂಬಳಿ ಕೊಟ್ಟು, ಅವನು ಕೊಟ್ಟಷ್ಟು ತೆಗೆದುಕೊಂಡು ಬಸ್ ಹತ್ತುತ್ತಿದ್ದರು. ಒಂದು ದಿನ ಕಾಳವ್ವ ದರಿಬಡಚಿ ಊರಿಗೆ ಹೋಗಿ, ಕುರಿ ಸಾಕಿ ಕಂಬಳಿ ನೇಯುವವರ ಹಿರಿಯ ಭರಮಣ್ಣನ ಅಂಗಳದಲ್ಲಿ ಕುಳಿತಳು.

“ಶುಕ್ರವಾರಕ್ಕೊಮ್ಮಿ ಪೇಟ್ಯಾಗ ಕುಂದ್ರಿ. ಗಿರಾಕಿ ನಿಮ್ಮ ಮುಂದ ಬರಲಿ, ದಲಾಲಿ ಯಾಕ ನಡುವ?”

“ಮಾಳಗಿ ಸೋರತಾವ ತಂಗಿ. ಕಂಬಳಿ ತೊಯ್ದರ ಯಾರ ತಗೋತಾರ?”

“ನಾ ಸೋರಲಾರದಂಗ ಮಾಡತೀನಿ. ಮಾಡಿಲ್ಲಂದ್ರ ಬರಬ್ಯಾಡ್ರಿ.”

ಮಾಡಿದಳು. ಬುಟ್ಟಿಯಲ್ಲಿ ಸವಳುಮಣ್ಣು ಹೊತ್ತು, ಆರು ಅಂಗಡಿಗಳ ಮಾಳಿಗೆ ಬಡಿದು ಗಟ್ಟಿ ಮಾಡಿದಳು. ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಕಿತ್ತಳು. ಒಂದು ತೊಲೆ ಮುರಿದಿತ್ತು. ಪಂಚಾಯತಿಯನ್ನು ಕೇಳಿದರೆ, “ಹಳೇದಕ್ಕ ಖರ್ಚ ಹಾಕಾಕ ಕಾನೂನ ಇಲ್ಲ” ಎಂದರು. ತನ್ನ ಮನೆಯ ಹಿಂದಿನ ಬೇವು ಕಡಿಸಿ ತೊಲೆ ಮಾಡಿಸಿದಳು.

ಮೊದಲ ಶುಕ್ರವಾರ ಭರಮಣ್ಣ, ಅವನ ಸೊಸೆ ಬೀರವ್ವ, ಇನ್ನು ನಾಲ್ಕು ಮನೆಯವರು ಬಂದರು. ಗಿರಾಕಿ ಒಬ್ಬನೂ ಬರಲಿಲ್ಲ. ಮುಂದಿನ ವಾರ ಕಾಳವ್ವ ತಾನೇ ಬಸ್‌ಸ್ಟ್ಯಾಂಡಿಗೆ ಹೋಗಿ, ಇಳಿದವರನ್ನೆಲ್ಲ ಕರೆದುಕೊಂಡು ಬಂದಳು. ಹೀಗೇ ಮೂರು ವರ್ಷ. ೧೯೭೦ರ ಹೊತ್ತಿಗೆ ವಿಜಾಪುರದ ಕಡೆಯ ವ್ಯಾಪಾರಿಗಳು ಶುಕ್ರವಾರ ಕಾಯುತ್ತಿದ್ದರು. ಹದಿಮೂರು ಬಾಗಿಲು ತೆರೆದಿದ್ದವು.

ಅದೇ ಕಂಟಕವಾಯಿತು. ಅಷ್ಟರಲ್ಲಿ ಶಂಕರೆಪ್ಪ ಪಂಚಾಯತಿಗೆ ಸರಪಂಚನಾಗಿದ್ದ. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಅವನು ಕಟ್ಟಿಸಿದ ಸಿಮೆಂಟ್ ಮಾರ್ಕೆಟ್ಟಿಗೆ ಯಾರೂ ಬಂದಿರಲಿಲ್ಲ. ಹಳೇ ಪೇಟೆ ಧೋಕಾದ ಇಮಾರತು, ಅಂದರೆ ಅಪಾಯದ ಕಟ್ಟಡ, ಕೆಡವಬೇಕು ಎಂದು ನೋಟೀಸು ಹೊರಟಿತು.

ಕಾಳವ್ವ ಅರ್ಜಿ ಬರೆಸಿ ಮೇಲಿನ ಕಚೇರಿಗೆ ಹೋದಳು. ಅರ್ಜಿ ಮರಾಠಿಯಲ್ಲಿರಬೇಕು ಎಂದರು. ಮರಾಠಿಯಲ್ಲಿ ಬರೆಸಿ ತಂದರೆ, ಸರಪಂಚನ ಸಹಿ ಬೇಕು ಎಂದರು.

“ಕೆಡವಾವನs ಸರಪಂಚ. ಅಂವ ಸಹಿ ಹಾಕತಾನೇನ್ರಿ?”

“ನಿಯಮ ಹಂಗ ಐತಿ, ಅವ್ವಾ” ಎಂದ ಗುಮಾಸ್ತ, ತಲೆ ಎತ್ತದೆ.

ಒಂಬತ್ತನೇ ಸಲ ಹೋದಾಗ ಒಬ್ಬ ಓವರ್‌ಸಿಯರ್ ಮನಸ್ಸು ಮಾಡಿ ನೋಡಲು ಬಂದ. ಕಂಬ ತಟ್ಟಿದ, ಮಾಳಿಗೆ ಹತ್ತಿದ, “ನೂರು ವರ್ಷ ಏನೂ ಆಗೂದಿಲ್ಲ” ಎಂದು ಹಾಗೆಯೇ ವರದಿ ಬರೆದ. ಕಾಳವ್ವ ಆ ದಿನ ಪೇಟೆಗೆಲ್ಲ ಬೆಲ್ಲ ಹಂಚಿದಳು. ತಿಂಗಳೊಳಗೆ ಅವನಿಗೆ ಬೇರೆ ಕಡೆ ವರ್ಗವಾಯಿತು. ವರದಿ ಕೇಳಿದರೆ, ಅಂಥದ್ದು ಬಂದೇ ಇಲ್ಲ ಎಂದರು.

ಎಪ್ಪತ್ತೆರಡರಲ್ಲಿ ಮಳೆ ಹೋಯಿತು. ಕುರಿ ಸತ್ತವು, ಉಣ್ಣೆ ನಿಂತಿತು, ಶುಕ್ರವಾರಗಳು ಖಾಲಿಯಾದವು. ಬರಗಾಲದ ಕೂಲಿಗೆಂದು ಸರಕಾರ ತೆಗೆದ ರಸ್ತೆ ಕೆಲಸಕ್ಕೆ ಖಡಿ, ಅಂದರೆ ಜಲ್ಲಿಕಲ್ಲು, ಬೇಕಿತ್ತು. ಶಂಕರೆಪ್ಪ ಹಳೇ ನೋಟೀಸು ಹೊರತೆಗೆದು ಪೇಟೆಯ ಕಲ್ಲು ತೋರಿಸಿದ.

ಕೆಡವುವ ದಿನ ಕಾಳವ್ವ ಓಣಿಯ ಬಾಯಲ್ಲಿ ಅಡ್ಡ ನಿಂತಳು. ಹಾರೆ, ಸುತ್ತಿಗೆ ಹಿಡಿದು ಬಂದ ಕೂಲಿಯವರಲ್ಲಿ ಮುಂದಿದ್ದವರು ಭರಮಣ್ಣ ಮತ್ತು ಬೀರವ್ವ.

“ನೀವs ಏನ ಭರಮಣ್ಣ? ನೀವs ಒಡ್ಯಾವ್ರು?”

ಭರಮಣ್ಣ ನೆಲ ನೋಡಿದ. “ಇಂದ ಇಲ್ಲಿ ಕೆಲಸ ಬಿಟ್ಟರ ಕೂಲಿ ಪಟ್ಟಿ ಒಳಗಿಂದ ಹೆಸರ ತಗೀತಾರವ್ವ. ಮಕ್ಕಳು ಎರಡ ದಿನದಿಂದ ಬರೇ ಗಂಜಿ ಕುಡದಾವ.”

ಶಂಕರೆಪ್ಪನನ್ನು ಬೈಯಲು ಅವಳಲ್ಲಿ ಮಾತುಗಳಿದ್ದವು. ಇವರನ್ನು ಬೈಯಲು ಒಂದೂ ಸಿಗಲಿಲ್ಲ. ಬದಿಗೆ ಸರಿದಳು. ಹದಿನೆಂಟು ಅಂಗಡಿ ಹೋದವು. ಅವಳದೂ ಸೇರಿ ನಾಲ್ಕು ಉಳಿದವು. ಅವನ್ನು ಉಳಿಸಿದ್ದು ಯಾರ ಕರುಣೆಯೂ ಅಲ್ಲ. ಅಷ್ಟರಲ್ಲಿ ರಸ್ತೆಗೆ ಸಾಕಾಗುವಷ್ಟು ಖಡಿ ಆಗಿತ್ತು.

ಮಳೆ ಮರಳಿದ ಮೇಲೂ ಕಂಬಳಿ ವ್ಯಾಪಾರಿಗಳು ಸಿಮೆಂಟ್ ಮಾರ್ಕೆಟ್ಟಿಗೆ ಬರಲಿಲ್ಲ. ಅವರು ಬೇರೆ ಊರು ಹಿಡಿದಿದ್ದರು. ೧೯೭೭ರಲ್ಲಿ ಬಾಜಾರ ಮತ್ತೆ ಬೆಳೆಸಬೇಕೆಂದು ಪಂಚಾಯತಿಯಲ್ಲಿ ಠರಾವಾಯಿತು. ಶಂಕರೆಪ್ಪ ಕಾಳವ್ವನ ಅಂಗಡಿಗೇ ಬಂದ.

“ಅವಾಗ ನೀ ಮಂದಿನ ಹೆಂಗ ಕೂಡಿಸಿದೆವ್ವಾ? ಕಮಿಟ್ಯಾಗ ನಿನ್ನ ಹೆಸರೂ ಹಾಕೋಣಂತ.”

ಕಾಳವ್ವ ಹಿಟ್ಟು ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ. “ಅವಾಗ ಒಂಬತ್ತ ಸಲ ಕಚೇರಿಗೆ ಹೇಳಾಕ ಹೋಗಿದ್ದೆ. ಯಾರಿಗೂ ಕೇಳಾಕ ಪುರಸೊತ್ತ ಇರಲಿಲ್ಲ. ಈಗ ನನಗ ಇಲ್ಲ. ನಡೀರಿ.”

ಅವನು ಹೋದ. ಠರಾವು ದಪ್ತರಿನಲ್ಲೇ ಉಳಿಯಿತು. ಕಾಳವ್ವ ಆ ಬೇಸಿಗೆಯಲ್ಲೂ ನಾಲ್ಕು ಮಾಳಿಗೆಗೆ ಮಣ್ಣು ಹೊತ್ತಳು. ವಯಸ್ಸಾಗಿತ್ತು, ಬುಟ್ಟಿ ಇಳಿಸುವಾಗಲೆಲ್ಲ ಯಾರನ್ನೋ ಬೈಯುತ್ತಿದ್ದಳು. ಯಾರನ್ನು ಎಂದು ಓಣಿಯವರು ಕೇಳುತ್ತಿರಲಿಲ್ಲ.