ಜ್ಞಾನೇಶ್ ಮೇಷ್ಟ್ರ ಪಾಠ ಬಹಿಷ್ಕಾರ

ಶಿವಮೊಗ್ಗದ ಬಸ್ಸಿಳಿದ ಜ್ಞಾನೇಶ್ ಮೇಷ್ಟ್ರು ಇವತ್ತೂ ಎಲ್ಲರಿಗಿಂತ ಮೊದಲು ಭದ್ರಾವತಿಯ ಧರಣಿ ಶಾಮಿಯಾನ ಸೇರಿದರು. ಜನ್ನಾಪುರದ ಸರ್ಕಾರಿ ಶಾಲೆಯೊಂದರಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಶಿಕ್ಷಕರು. ಪಾಠ ಕಾಯಂ ಶಿಕ್ಷಕರಷ್ಟೇ, ಸಂಬಳ ಅವರ ಕಾಲು ಭಾಗ. ಸಮಾನ ವೇತನ ಸಿಗುವವರೆಗೆ ಪಾಠ ಮಾಡುವುದಿಲ್ಲವೆಂದು ಗಂಟಲು ಕಟ್ಟುವಷ್ಟು ಕೂಗುವವರು ಅವರೇ. ಆದರೆ ಹತ್ತನೇ ತರಗತಿಯ ಲಿಖಿತಾ ಪುಸ್ತಕ ಹಿಡಿದು ಬಂದರೆ ಸಾಕು, ಘೋಷಣೆಯ ಫಲಕ ಮಗುಚಿ ಹಿಂಬದಿಯಲ್ಲಿ ಲೆಕ್ಕ ಬಿಡಿಸತೊಡಗುತ್ತಾರೆ. "ಏನ್ ಸರ್, ಬಹಿಷ್ಕಾರ ಮುಗೀತಾ?" ಎಂದು ಜತೆಯ ಪುಷ್ಪಾ ಟೀಚರ್ ಕೆಣಕುತ್ತಾರೆ. "ಪಾಠ ಎಲ್ಲಿ ಮಾಡ್ದೆ ಮಾರಾಯ್ತಿ? ಬರೀ ಡೌಟು ಹೇಳಿಕೊಟ್ಟೆ!" ಉಳ್ಳವರ ಮಕ್ಕಳಿಗೆ ಶಿವಮೊಗ್ಗದ ವಿನೋಬನಗರದಲ್ಲಿ ಟ್ಯೂಷನ್ ಇದೆ, ಲಿಖಿತಾಗೆ ಇರುವುದು ಈ ಮೇಷ್ಟ್ರೊಬ್ಬರೇ. ಸೋಮವಾರ ಅವಳಿಗೆ ಗಣಿತ ಪರೀಕ್ಷೆ. ನಾಳೆ ಅವಳ ತರಗತಿಯ ಇನ್ನೂ ಆರು ಮಕ್ಕಳು ಡೌಟು ಕೇಳಲು ಶಾಮಿಯಾನಕ್ಕೆ ಬರುತ್ತಾರೆ.